ತುಂಬಾ ದಿನ ಬೀಗ ಹಾಕಿದ್ದ ಮನೆ ಮಾರೋಕೆ ಮುಂಚೆ ಏನು ಮಾಡಿಸ್ಬೇಕು?

ಅಪ್ಪ ಅಮ್ಮ ಇದ್ದ ಮನೆ, ಒಂದೂವರೆ ವರ್ಷದಿಂದ ಬೀಗ ಹಾಕಿದೆ, ಒಳಗೆ ಹೋದ್ರೆ ಒಂಥರಾ ವಾಸನೆ, ಬೆಡ್‌ರೂಮ್ ಗೋಡೇಲಿ ಕಲೆ, ಕೈಯಲ್ಲಿ ದುಡ್ಡು ಜಾಸ್ತಿ ಇಲ್ಲ, ಮೊದಲು ಪೇಂಟ್ ಮಾಡಿಸ್ಲಾ ಇಲ್ಲಾ ಫರ್ನಿಚರ್ ಬಾಡಿಗೆಗೆ ತಂದಿಡ್ಲಾ ಅಂತ ಕೇಳಿದೀರ. ಎರಡೂ ಈಗಲೇ ಬೇಡ. ಮೊದಲು ನೀರಿನ ವಿಷಯ ಸರಿ ಮಾಡಿಕೊಳ್ಳಿ, ಖಾಲಿ ಮನೆ ಕೆಡೋದು ಹೆಚ್ಚಾಗಿ ನೀರಿಂದಾನೇ, ಬೇಕಾದ ಕಡೆ ಒಣಗಿರುತ್ತೆ, ಬೇಡದ ಕಡೆ ನಿಂತಿರುತ್ತೆ.

ನಮ್ಮ ದೊಡ್ಡಮ್ಮನ ಮನೆ ಮಾರುವಾಗ ನಾನು ಮೊದಲು ಪೇಂಟ್ ಮಾಡಿಸಿದ್ದೆ. ನೋಡೋಕೆ ಬಂದ ಗಂಡ ಹೆಂಡತಿ ಎಲ್ಲಾ ರೂಮೂ ಇಷ್ಟಪಟ್ರು, ಕೊನೇಲಿ ಆಯಮ್ಮ ಕಿಟಕಿ ಕೆಳಗಿನ ಗೋಡೆ ಮೇಲೆ ಹಾಗೇ ಕೈಯಾಡಿಸಿದ್ರು ನೋಡಿ, ಉಬ್ಬಿದ್ದ ಪೇಂಟು ಹಪ್ಪಳದ ಥರ ಎದ್ದು ಬಂತು. ಪೇಂಟ್ ಹೊಡೆದು ಇನ್ನೂ ಮೂರು ವಾರ ಆಗಿತ್ತಷ್ಟೇ. ಅವರು ಜಗಳ ಏನೂ ಮಾಡ್ಲಿಲ್ಲ, ಚಪ್ಪಲಿ ಹಾಕಿಕೊಂಡು ಹೊರಟುಬಿಟ್ರು. ನಾನು ಬೇಕಂತ ಮುಚ್ಚಿರ್ಲಿಲ್ಲ, ಆದ್ರೆ ಅವರಿಗೆ ಹಾಗೇ ಅನ್ನಿಸಿರುತ್ತೆ, ಒಂದು ಕಡೆ ಮುಚ್ಚಿದಾರೆ ಅಂದ್ಮೇಲೆ ಇನ್ನೆಲ್ಲೆಲ್ಲಿ ಮುಚ್ಚಿದಾರೋ ಅಂತ ಯಾರಿಗಾದ್ರೂ ಅನ್ನಿಸುತ್ತೆ. ಆ ಸಂಕಟ ನಿಮಗೆ ಬೇಡ ಅಂತಾನೇ ಇಷ್ಟುದ್ದ ಬರೀತಿದೀನಿ.

ಈಗ ವಾಸನೆ. ಬಾತ್‌ರೂಮ್ ಜಾಲಿ, ಸಿಂಕ್, ಕಮೋಡ್ ಎಲ್ಲದರ ಕೆಳಗೂ ಬಾಗಿದ ಪೈಪ್ ಇರುತ್ತೆ, ಪ್ಲಂಬರ್‌ಗಳು ಟ್ರ್ಯಾಪ್ ಅಂತಾರೆ. ಅದರಲ್ಲಿ ಸುಮಾರು 5 ಸೆಂಟಿಮೀಟರ್ ನೀರು ನಿಂತಿರುತ್ತೆ, ಚರಂಡಿ ಗಾಳಿ ಮೇಲೆ ಬರದ ಹಾಗೆ ತಡೆಯೋದು ಆ ನೀರೇ. ಮನೇಲಿ ಯಾರೂ ಇಲ್ಲದೆ ಇದ್ರೆ ಕೆಲವೇ ವಾರದಲ್ಲಿ ಅದು ಆರಿ ಹೋಗುತ್ತೆ, ಆಮೇಲೆ ವಾಸನೆನೂ ಬರುತ್ತೆ, ಜಿರಲೆನೂ ಬರುತ್ತೆ. ನೀವು ಎಷ್ಟು ರೂಮ್ ಫ್ರೆಶ್‌ನರ್ ಹೊಡೆದ್ರೂ ಪ್ರಯೋಜನ ಇಲ್ಲ, ಬದಲಿಗೆ ಬಂದವರಿಗೆ ಅನುಮಾನ ಜಾಸ್ತಿ ಆಗುತ್ತೆ. ಪ್ರತಿ ಜಾಲಿಗೂ ಒಂದೆರಡು ಚೊಂಬು ನೀರು ಹಾಕಿ, ಬಾಲ್ಕನಿದು, ವಾಷಿಂಗ್ ಮಷೀನ್ ನೀರು ಹೋಗೋ ಜಾಲಿ ಮರೀಬೇಡಿ, ಮೇಲೆ ಒಂದು ಚಮಚ ಅಡುಗೆ ಎಣ್ಣೆ ಬಿಟ್ರೆ ಅದು ನೀರಿನ ಮೇಲೆ ತೇಲಿಕೊಂಡು ಬೇಗ ಆರೋಕೆ ಬಿಡಲ್ಲ. ಇಷ್ಟು ಮಾಡಿ ಎರಡು ದಿನ ಕಿಟಕಿ ತೆಗೆದಿಡಿ. ಆಗ್ಲೂ ಮುಗ್ಗಲು ವಾಸನೆ ಉಳಿದಿದ್ರೆ ಅದು ಗೋಡೆದು ಇಲ್ಲಾ ಮುಚ್ಚಿದ ಕಪಾಟಿಂದು.

ನಲ್ಲಿಗಳನ್ನ ಸುಮ್ನೆ ತಿರುಗಿಸಿಬಿಡ್ಬೇಡಿ. ಒಂದೂವರೆ ವರ್ಷ ಪೈಪಲ್ಲಿ ನಿಂತ ನೀರು ಅದು, 20ರಿಂದ 45 ಡಿಗ್ರಿ ಬಿಸಿಯಲ್ಲಿ ನಿಂತ ನೀರಲ್ಲಿ ಲೀಜಿಯೊನೆಲ್ಲಾ ಅನ್ನೋ ಬ್ಯಾಕ್ಟೀರಿಯಾ ಚೆನ್ನಾಗಿ ಬೆಳೆಯುತ್ತೆ, ಸಣ್ಣ ಸಣ್ಣ ಹನಿ ಉಸಿರಲ್ಲಿ ಒಳಗೆ ಹೋದ್ರೆ ನ್ಯುಮೋನಿಯಾ ಬರೋ ಸಾಧ್ಯತೆ ಇದೆ. ಮೊದಲು ಟ್ಯಾಂಕ್ ತೊಳೆಸಿ, ಶವರ್ ತಲೆ ಬಿಚ್ಚಿ, ಕಿಟಕಿ ತೆಗೆದು, ಒಂದೊಂದೇ ನಲ್ಲಿನ ಮೆಲ್ಲಗೆ ತಿರುಗಿಸಿ ಕೆಲವು ನಿಮಿಷ ಹರಿಯೋಕೆ ಬಿಡಿ, ಹತ್ತಿರ ನಿಂತ್ಕೋಬೇಡಿ. ನೀರಿನ ಮೀಟರ್ ಇದ್ರೆ ಟ್ಯಾಂಕ್ ತುಂಬಿದ್ಮೇಲೆ ಎಲ್ಲಾ ನಲ್ಲಿ ಮುಚ್ಚಿ ರೀಡಿಂಗ್ ಬರೆದಿಟ್ಟು ಎರಡು ಗಂಟೆ ಬಿಟ್ಟು ನೋಡಿ, ಮುಳ್ಳು ಮುಂದಕ್ಕೆ ಹೋಗಿದ್ರೆ ಎಲ್ಲೋ ಸೋರ್ತಿದೆ ಅಂತ ಅರ್ಥ.

ಗೋಡೆ ಕಲೆಗೆ ಒಂದು ಸುಲಭದ ಪರೀಕ್ಷೆ ಇದೆ, ನನಗೆ ಇದನ್ನ ಹೇಳಿಕೊಟ್ಟಿದ್ದು ಒಬ್ಬ ವಯಸ್ಸಾದ ಗಾರೆ ಮೇಸ್ತ್ರಿ, ಮೊದಲೇ ಸಿಕ್ಕಿದ್ರೆ ಒಂದು ಸಲದ ಪೇಂಟಿನ ದುಡ್ಡು ಉಳೀತಿತ್ತು. ಒಂದು ಪ್ಲಾಸ್ಟಿಕ್ ಹಾಳೆನ ಕಲೆ ಮೇಲೆ ಇಟ್ಟು ನಾಲ್ಕೂ ಕಡೆ ಗಾಳಿ ಹೋಗದ ಹಾಗೆ ಟೇಪ್ ಹಾಕಿ, ಎರಡು ದಿನ ಬಿಡಿ. ಹಾಳೆಯ ಒಳಮೈ, ಅಂದ್ರೆ ಗೋಡೆ ಕಡೆ, ಬೆವರಿದ್ರೆ ತೇವ ಗೋಡೆ ಒಳಗಿಂದಾನೇ ಬರ್ತಿದೆ, ಪೈಪೋ ಹೊರಗಿನ ಬಿರುಕೋ ನೋಡಿಸ್ಲೇಬೇಕು. ಹೊರಮೈ ಬೆವರಿದ್ರೆ ರೂಮಿನ ಗಾಳಿಯಲ್ಲಿ ತೇವ ಜಾಸ್ತಿ, ಗಾಳಿ ಬೆಳಕು ಆಡಿಸಿದ್ರೆ ತುಂಬಾ ಮಟ್ಟಿಗೆ ಸರಿ ಹೋಗುತ್ತೆ, ತೇವಾಂಶ ಶೇಕಡಾ 60ಕ್ಕಿಂತ ಕಡಿಮೆ ಇದ್ರೆ ಬೂಷ್ಟು ಬೆಳೆಯೋದು ಕಷ್ಟ. ಬೂಷ್ಟು ಒರೆಸುವಾಗ ಮಾಸ್ಕ್ ಹಾಕಿ, ಸೋಪಿನ ನೀರು ಸಾಕು. ಬ್ಲೀಚ್ ಹಾಕೋದಾದ್ರೆ ಟಾಯ್ಲೆಟ್ ತೊಳೆಯೋ ಆಸಿಡ್ ಜೊತೆ ಯಾವತ್ತೂ ಬೆರೆಸ್ಬೇಡಿ, ಕ್ಲೋರಿನ್ ಅನಿಲ ಬರುತ್ತೆ, ಮುಚ್ಚಿದ ಬಾತ್‌ರೂಮಲ್ಲಿ ಅದು ಪ್ರಾಣಕ್ಕೇ ಅಪಾಯ.

ಗೋಡೆ ಪೂರ್ತಿ ಒಣಗಿದ್ಮೇಲೆ ಪೇಂಟ್. ತಿಳಿ ಬಣ್ಣ, ಹೊಳಪಿಲ್ಲದ್ದು ತಗೊಳ್ಳಿ, ಹೊಳೆಯೋ ಪೇಂಟಲ್ಲಿ ಗೋಡೆಯ ಉಬ್ಬು ತಗ್ಗೆಲ್ಲಾ ಬೆಳಕಿಗೆ ಎದ್ದು ಕಾಣುತ್ತೆ. ಜಿಡ್ಡಿನ ಕಲೆ ಇದ್ರೆ ಸೋಪಲ್ಲಿ ತೊಳೆದು ಪ್ರೈಮರ್ ಹಾಕಿಸಿ, ಇಲ್ಲಾಂದ್ರೆ ಎರಡು ಕೋಟ್ ಆದ್ಮೇಲೂ ಇಣುಕುತ್ತೆ. ದೊಡ್ಡಮ್ಮ ದಿನಾ ಸಂಜೆ ಒರಗಿ ಕೂರ್ತಿದ್ದ ಜಾಗದಲ್ಲಿ ಅವರ ತಲೆ ತಾಗಿ ತಾಗಿ ಅಂಗೈ ಅಗಲದ ಕಲೆ ಆಗಿತ್ತು. ಅದನ್ನ ಉಜ್ಜೋಕೆ ಕೆಲಸದವರಿಗೆ ಹೇಳೋಕೆ ಮನಸ್ಸು ಬರ್ಲಿಲ್ಲ, ನಾನೇ ಉಜ್ಜಿದೆ, ಅವತ್ತು ಬೇರೆ ಏನೂ ಕೆಲಸ ಆಗ್ಲಿಲ್ಲ. ನಿಮಗೂ ಇಂಥದ್ದು ಸಿಗುತ್ತೆ, ಅದಕ್ಕೂ ಒಂದು ದಿನ ಇಟ್ಕೊಳ್ಳಿ.

ಫರ್ನಿಚರ್ ಬಾಡಿಗೆ ನನ್ನ ಪ್ರಕಾರ ಬೇಕಾಗಿಲ್ಲ. ಖಾಲಿ ರೂಮಲ್ಲಿ ಮಂಚ ಹಿಡಿಯುತ್ತೋ ಇಲ್ವೋ ಅಂತ ಜನಕ್ಕೆ ಅಂದಾಜು ಸಿಗಲ್ಲ ಅನ್ನೋದೇನೋ ನಿಜ, ಅದಕ್ಕೆ ನೆಲದ ಮೇಲೆ ಡಬಲ್ ಕಾಟ್ ಅಳತೆಗೆ ಕಾಗದದ ಟೇಪ್ ಅಂಟಿಸಿ, ನಾವು ಹಾಗೇ ಮಾಡಿದ್ವಿ, ಬಂದವರೆಲ್ಲಾ ಆ ಗೆರೆ ಸುತ್ತಾನೇ ಓಡಾಡಿ ಬೀರು ಎಲ್ಲಿಡೋದು ಅಂತ ಮಾತಾಡ್ತಿದ್ರು. ಬಲ್ಬ್ ಎಲ್ಲಾ ರೂಮಲ್ಲೂ ಒಂದೇ ಬಣ್ಣದ್ದಿರ್ಲಿ. ಕಿರುಗುಟ್ಟೋ ಬಾಗಿಲಿನ ಹಿಂಜ್‌ಗೆ ಎಣ್ಣೆ ಬಿಡಿ. ಫೋಟೋ ಹಗಲಲ್ಲಿ, ಮೂಲೆಯಲ್ಲಿ ನಿಂತು ಎದೆ ಮಟ್ಟಕ್ಕೆ ಹಿಡಿದು ತೆಗೀರಿ. ಮನೆಗೆ ಇನ್ಶೂರೆನ್ಸ್ ಇದ್ರೆ ಪಾಲಿಸಿ ಓದಿ, ತುಂಬಾ ಪಾಲಿಸಿಗಳಲ್ಲಿ ಮನೆ ಇಷ್ಟು ದಿನಕ್ಕಿಂತ ಜಾಸ್ತಿ ಖಾಲಿ ಇದ್ರೆ ಪರಿಹಾರ ಇಲ್ಲ ಅಂತ ಷರತ್ತು ಇರುತ್ತೆ.

ರಿಪೇರಿ ಮಾಡಿಸಿದ್ದರ ಬಿಲ್ಲು, ಮುಂಚಿನ ಫೋಟೋ ಎಲ್ಲಾ ಇಟ್ಕೊಂಡು ಬಂದವರಿಗೆ ನೀವಾಗೇ ತೋರಿಸಿ. ಎರಡನೇ ಸಲ ನಾನು ಕಿಟಕಿ ಕೆಳಗಿನ ಗೋಡೆ ಹತ್ರ ಕರ್ಕೊಂಡು ಹೋಗಿ ಇಲ್ಲಿ ತೇವ ಇತ್ತು, ಹೊರಗಡೆ ಬಿರುಕು ಮುಚ್ಚಿಸಿದೀವಿ ಅಂತ ತೋರಿಸ್ತಿದ್ದೆ, ಮನೆ ತಗೊಂಡವರು ಮುಟ್ಟಿ ನೋಡಿ ಮುಂದಿನ ರೂಮಿಗೆ ಹೋದ್ರು. ಮಾರಾಟ ಮುಗಿಯೋವರೆಗೂ ವಾರಕ್ಕೊಂದು ಸಲ ಹೋಗಿ ಜಾಲಿಗೆ ನೀರು ಹಾಕಿ, ನಲ್ಲಿ ಸ್ವಲ್ಪ ಹೊತ್ತು ಹರಿಯೋಕೆ ಬಿಟ್ಟು, ಮುಚ್ಚಿ ಬನ್ನಿ.

ನಿಮ್ಮ ಬೆಡ್‌ರೂಮ್ ಕಲೆ ಹೊರಗೋಡೇಲಿದೆಯಾ ಬಾತ್‌ರೂಮ್‌ಗೆ ಅಂಟಿದ ಗೋಡೇಲಿದೆಯಾ? ಹಾಳೆ ಪರೀಕ್ಷೆ ಮಾಡಿ ಯಾವ ಕಡೆ ಬೆವರಿತು ಅಂತ ಬರೀರಿ, ಆಮೇಲೆ ಪ್ಲಂಬರ್‌ನ ಕರೀಬೇಕಾ ಗಾರೆಯವರನ್ನಾ ಅಂತ ನೋಡೋಣ.