ಎಣ್ಣೆಗೂ ಮುನ್ನ ಬ್ರಷ್ಷು: ಟೈಪ್‌ರೈಟರ್ ಬಳಸುವ ಬರಹಗಾರರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಪೋರ್ಟಬಲ್ ಟೈಪ್‌ರೈಟರನ್ನು ಹೋದಲ್ಲೆಲ್ಲ ಒಯ್ಯುತ್ತೇನೆ. ಜೊತೆಗೆ ಏನೇನು ಸಾಮಾನು ಇಟ್ಟುಕೊಂಡಿರಬೇಕು?

ಉತ್ತರ: ಮಕ್ಕಳ ಪೆನ್ಸಿಲ್ ಪೌಚಿನಷ್ಟು ಜಾಗ ಸಾಕು. ಚಪ್ಪಟೆ ಬಾಯಿಯ ಎರಡು ಸ್ಕ್ರೂಡ್ರೈವರ್ (ಒಂದು 2.5 ಮಿ.ಮೀ., ಇನ್ನೊಂದು 5 ಮಿ.ಮೀ.), ಚೂಪು ಮೂತಿಯ ಸಣ್ಣ ಇಕ್ಕಳ, ಚಿಮಟ, ಹಳೆಯ ಟೂತ್‌ಬ್ರಷ್, ಅರ್ಧ ಇಂಚಿನ ಮೆತ್ತನೆಯ ಪೇಂಟ್ ಬ್ರಷ್, ಪುಟ್ಟ ಟಾರ್ಚು, ಎಳೆ ಬಿಡದ ಹತ್ತಿ ಬಟ್ಟೆ, ಒಂದು ಮೀಟರ್ ಗಟ್ಟಿ ದಾರ, ಚಿಕ್ಕ ಸೀಸೆಯಲ್ಲಿ ಹೊಲಿಗೆ ಯಂತ್ರದ ಎಣ್ಣೆ, ಅದನ್ನು ಹಚ್ಚಲು ಗುಂಡುಸೂಜಿ. ಒಂದು ಹೊಸ ರಿಬ್ಬನ್ನನ್ನು ಗಾಳಿಯಾಡದ ಕವರಿನಲ್ಲಿ ಇಡಿ, ಇಲ್ಲದಿದ್ದರೆ ಒಣಗುತ್ತದೆ.

ಇವುಗಳ ಜೊತೆ ಒಂದು ಕ್ರೋಶೆ ಕಡ್ಡಿಯೂ ಇರಲಿ. ಯಾವುದೋ ಒಂದು ಕೀಲಿ ಒತ್ತಿದ ಮೇಲೆ ಮೇಲೇಳದೆ ಸಡಿಲವಾಗಿ ಅಲ್ಲಾಡುತ್ತಿದ್ದರೆ, ಒಳಗಿನ ಕೂದಲೆಳೆಯಂಥ ಸ್ಪ್ರಿಂಗ್ ಕೊಕ್ಕೆಯಿಂದ ಜಾರಿರುವ ಸಂಭವ ಹೆಚ್ಚು. ಅಲ್ಲಿಗೆ ಬೆರಳು ಹೋಗುವುದಿಲ್ಲ. ಕ್ರೋಶೆ ಕಡ್ಡಿಯ ತುದಿಯಿಂದ ಸ್ಪ್ರಿಂಗಿನ ಕುಣಿಕೆಯನ್ನು ಎಳೆದು ಮತ್ತೆ ಸಿಕ್ಕಿಸಬಹುದು.

ಸ್ಕ್ರೂಡ್ರೈವರಿನ ಬಾಯಿ ಸ್ಕ್ರೂವಿನ ಸೀಳಿನಲ್ಲಿ ಪೂರ್ತಿ ತುಂಬಿಕೊಳ್ಳಬೇಕು. ಸಡಿಲವಾಗಿದ್ದರೆ ತಲೆ ಸವೆದು, ಆಮೇಲೆ ನುರಿತ ಮೆಕ್ಯಾನಿಕ್ಕಿಗೂ ಬಿಚ್ಚುವುದು ಕಷ್ಟ.

ಪ್ರಶ್ನೆ: ಮೂರ್ನಾಲ್ಕು ಅಕ್ಷರಗಳು ಮೇಲೆದ್ದು ಅಲ್ಲೇ ನಿಂತುಬಿಡುತ್ತವೆ. ಎಣ್ಣೆ ಬಿಟ್ಟೆ. ಎರಡು ದಿನ ಸರಿಯಿತ್ತು, ಈಗ ಮೊದಲಿಗಿಂತ ಹೆಚ್ಚಾಗಿದೆ.

ಉತ್ತರ: ಹೆಚ್ಚಾಗಿದ್ದೇ ಎಣ್ಣೆಯಿಂದ. ಅಕ್ಷರದ ಕಡ್ಡಿಗಳೆಲ್ಲ ಬುಡದಲ್ಲಿ ಸೆಗ್ಮೆಂಟ್ ಎಂಬ ಅರ್ಧಚಂದ್ರಾಕಾರದ ಲೋಹದ ತುಂಡಿಗೆ ಸೇರಿಕೊಂಡಿರುತ್ತವೆ. ಅದರಲ್ಲಿ ಬಾಚಣಿಗೆಯ ಹಾಗೆ ಸೀಳುಗಳಿವೆ. ಪ್ರತಿ ಸೀಳೂ ಅದರೊಳಗಿನ ಕಡ್ಡಿಗಿಂತ ಕೂದಲಷ್ಟೇ ಅಗಲ. ಅಲ್ಲಿ ಎಣ್ಣೆ ಬಿದ್ದರೆ ಕಾಗದದ ನಾರು, ರಬ್ಬರಿನ ಪುಡಿ, ಧೂಳು ಎಲ್ಲ ಅದಕ್ಕೆ ಅಂಟಿ ಗೋಂದಾಗುತ್ತದೆ. ಸೆಗ್ಮೆಂಟಿಗೆ ಎಣ್ಣೆ ಯಾವತ್ತೂ ಬೇಡ. ಡಬ್ಲ್ಯೂಡಿ-40 ತರಹದ ಸ್ಪ್ರೇ ಕೂಡ ಬೇಡ, ಅದೂ ಜಿಡ್ಡು ಉಳಿಸಿಹೋಗುತ್ತದೆ.

ಮೊದಲು ಕಾರಣ ಖಚಿತ ಮಾಡಿಕೊಳ್ಳಿ. ಆ ಕಡ್ಡಿಯನ್ನು ಬೆರಳಿನಿಂದ ನಿಧಾನಕ್ಕೆ ಎತ್ತಿ ಅರ್ಧಕ್ಕೆ ಬಿಟ್ಟುಬಿಡಿ. ಸೋಮಾರಿಯಂತೆ ಇಳಿದರೆ ಬುಡದಲ್ಲಿ ಕೊಳೆ ಇದೆ ಎಂದರ್ಥ. ಸಲೀಸಾಗಿ ಇಳಿದು, ಅಚ್ಚು ಬೀಳುವ ಜಾಗದಲ್ಲಿ ಮಾತ್ರ ಸಿಕ್ಕಿಕೊಳ್ಳುತ್ತಿದ್ದರೆ ಕಡ್ಡಿ ಬಾಗಿ, ಅದನ್ನು ಸರಿಯಾದ ಜಾಗಕ್ಕೆ ತರುವ ಗೈಡಿಗೆ ಉಜ್ಜುತ್ತಿದೆ. ಅದನ್ನು ಮೆಕ್ಯಾನಿಕ್ಕಿಗೇ ಬಿಡಿ, ಇಕ್ಕಳ ಹಾಕಿ ನೆಟ್ಟಗೆ ಮಾಡಲು ಹೋಗಬೇಡಿ.

ಕೊಳೆಯಾದರೆ ಹೀಗೆ ಮಾಡಿ. ಕಿಟಕಿ ತೆರೆದಿರಲಿ, ಹತ್ತಿರದಲ್ಲೆಲ್ಲೂ ಬೆಂಕಿ ಇರಬಾರದು. ಯಂತ್ರದಡಿ ಹಳೆಯ ಬಟ್ಟೆ ಹಾಸಿ, ರಿಬ್ಬನ್ ತೆಗೆದಿಡಿ. ಒಣ ಬ್ರಷ್ಷಿನಿಂದ ಮೇಲಿನ ಧೂಳು ಹೋಗಲಿ. ಮಿನರಲ್ ಟರ್ಪೆಂಟೈನ್ ಎಂಟು-ಹತ್ತು ಹನಿಯಷ್ಟನ್ನು ಟೂತ್‌ಬ್ರಷ್ಷಿಗೆ ಹಾಕಿಕೊಂಡು ಸೀಳುಗಳ ಉದ್ದಕ್ಕೆ ಉಜ್ಜಿ. ಒದ್ದೆ ಇರುವಾಗಲೇ ತೊಂದರೆ ಕೊಡುವ ಕೀಲಿಗಳನ್ನು ಇಪ್ಪತ್ತು-ಮೂವತ್ತು ಸಲ ಒತ್ತಿ, ಕರಗಿ ಬಂದ ಕೊಳೆಯನ್ನು ಬಟ್ಟೆಯಿಂದ ಒರೆಸಿ. ಬ್ರಷ್ಷಿಗೆ ಕಪ್ಪು ಹತ್ತುವುದು ನಿಲ್ಲುವವರೆಗೂ ಇದನ್ನೇ ಮಾಡುತ್ತಿರಿ. ರಾತ್ರಿಯಿಡೀ ಒಣಗಲು ಬಿಡಿ. ಒದ್ದೆಯಿದ್ದಾಗ ಚೆನ್ನಾಗಿ ಓಡಿ, ಒಣಗಿದ ಮೇಲೆ ಮತ್ತೆ ಅಂಟಿದರೆ ಗಾಬರಿ ಬೇಡ. ಒಳಗೆ ಇನ್ನೂ ಕೊಳೆ ಉಳಿದಿದೆ ಅಷ್ಟೆ, ಮತ್ತೊಮ್ಮೆ ಮಾಡಿ. ಪೇಂಟ್ ಥಿನ್ನರ್ ಮಾತ್ರ ಬಳಸಬೇಡಿ, ಯಂತ್ರದ ಬಣ್ಣವನ್ನೇ ಕಿತ್ತುಹಾಕುತ್ತದೆ. ಟರ್ಪೆಂಟೈನ್ ಬೇಗ ಹೊತ್ತಿಕೊಳ್ಳುವಂಥದ್ದು, ಆದ್ದರಿಂದ ಪ್ರಯಾಣದ ಚೀಲಕ್ಕೆ ಸೇರಿಸದೆ ಮನೆಯಲ್ಲೇ ಇಡಿ.

ಹಾಗಾದರೆ ಎಣ್ಣೆ ಎಲ್ಲಿಗೆ? ಕ್ಯಾರೇಜ್, ಅಂದರೆ ಕಾಗದ ಹಿಡಿದು ಪಕ್ಕಕ್ಕೆ ಸರಿಯುವ ಮೇಲಿನ ಭಾಗ, ಜಾರುವ ಹಳಿಗೆ. ಗುಂಡುಸೂಜಿಯ ತುದಿಯಲ್ಲಿ ನಿಲ್ಲುವಷ್ಟು, ಎರಡೂ ತುದಿಗೆ ಒಂದೊಂದು ಹನಿ. ಕ್ಯಾರೇಜನ್ನು ನಾಲ್ಕೈದು ಸಲ ಆಚೀಚೆ ಓಡಾಡಿಸಿ, ಉಳಿದದ್ದನ್ನು ಒರೆಸಿಬಿಡಿ.

ಪ್ರಶ್ನೆ: ಅಕ್ಷರಗಳ ಹೊಟ್ಟೆ ತುಂಬಿಕೊಂಡು ಕಪ್ಪು ಬೊಟ್ಟಿನಂತೆ ಮೂಡುತ್ತಿವೆ.

ಉತ್ತರ: ಅಚ್ಚಿನ ಗುಳಿಗಳಲ್ಲಿ ಶಾಯಿ ಮತ್ತು ರಿಬ್ಬನ್ನಿನ ನಾರು ಗಟ್ಟಿಯಾಗಿ ಕೂತಿದೆ. ಗಡುಸು ಬ್ರಷ್ಷಿನಿಂದ ನಿಮ್ಮ ಕಡೆಗೇ ಎಳೆದು ಉಜ್ಜಿ. ಆಚೆ ತಳ್ಳಿದರೆ ಉದುರಿದ್ದೆಲ್ಲ ಸೆಗ್ಮೆಂಟಿಗೆ ಬೀಳುತ್ತದೆ. ಅಲುಗದ ಕೊಳೆಯನ್ನು ಮರದ ಟೂತ್‌ಪಿಕ್‌ನಿಂದ ಕೆದಕಿ, ಸೂಜಿಯಿಂದಲ್ಲ. ರಬ್ಬರಿನಿಂದ ಅಳಿಸುವಾಗಲೂ ಅಷ್ಟೆ: ಕ್ಯಾರೇಜನ್ನು ಒಂದು ಬದಿಯ ತುದಿಗೆ ಸರಿಸಿಕೊಂಡು ಅಳಿಸಿದರೆ ಪುಡಿ ಯಂತ್ರದ ಹೊಟ್ಟೆಗೆ ಬೀಳುವುದಿಲ್ಲ.

ಪ್ರಶ್ನೆ: ಹೊಸ ರಿಬ್ಬನ್ ಕೊನೆ ಮುಟ್ಟಿದ ಮೇಲೆ ತಿರುಗಿ ಬರುವುದಿಲ್ಲ. ಏಕೆ?

ಉತ್ತರ: ಬಹಳಷ್ಟು ಯಂತ್ರಗಳಲ್ಲಿ ರಿಬ್ಬನ್ನಿನ ತುದಿಗೆ ಹತ್ತಿರವಿರುವ ಲೋಹದ ಕಣ್ಣು ಒಂದು ಕವಲಿಗೆ ತಾಗಿ ದಿಕ್ಕು ಬದಲಾಗುತ್ತದೆ. ನಿಮ್ಮ ರಿಬ್ಬನ್ನಿಗೆ ಆ ಕಣ್ಣೇ ಇಲ್ಲದಿರಬಹುದು. ತುದಿಯಿಂದ ಎಂಟು-ಹತ್ತು ಸೆಂ.ಮೀ. ಈಚೆ ಒಂದು ಗಂಟು ಹಾಕಿ, ಎರಡೂ ತುದಿಗೂ. ಅಗಲ ಅರ್ಧ ಇಂಚೇ ಇದೆಯೇ ನೋಡಿಕೊಳ್ಳಿ. ಯಂತ್ರದ ಜೊತೆ ಬಂದ ಮೂಲ ಸ್ಪೂಲನ್ನು ಎಸೆಯಬೇಡಿ: ನಡುವಿನ ತೂತು ಮತ್ತು ಸುತ್ತಳತೆ ಯಂತ್ರದಿಂದ ಯಂತ್ರಕ್ಕೆ ಬೇರೆ, ಹೊಸ ರಿಬ್ಬನ್ನನ್ನು ಹಳೆಯ ಸ್ಪೂಲಿಗೆ ಸುತ್ತಿಕೊಳ್ಳುವುದೇ ಸರಿ.

ಪ್ರಶ್ನೆ: ಒತ್ತಿದರೂ ಕ್ಯಾರೇಜ್ ಮುಂದಕ್ಕೆ ಹೋಗುತ್ತಿಲ್ಲ.

ಉತ್ತರ: ಮೊದಲು ಕ್ಯಾರೇಜನ್ನು ಅಲುಗದಂತೆ ಹಿಡಿಯುವ ಬೀಗದ ಗುಂಡಿ ಮತ್ತು ಸಾಲಿನ ಎರಡು ಅಂಚು ಗುರುತಿಸುವ ಮಾರ್ಜಿನ್ ತಡೆಗಳನ್ನು ನೋಡಿ. ಎರಡೂ ಸರಿಯಿದ್ದರೆ ಹಿಂಬದಿಯ ಸ್ಪ್ರಿಂಗ್ ಡಬ್ಬಿಯಿಂದ ಕ್ಯಾರೇಜಿಗೆ ಹೋಗುವ ದಾರ ತುಂಡಾಗಿದೆಯೋ ಕಳಚಿದೆಯೋ ಪರೀಕ್ಷಿಸಿ. ಹೊಸದಾಗಿ ಕಟ್ಟುವ ದಾರ ಹಿಗ್ಗುವಂಥದ್ದಾಗಿರಬಾರದು. ಡಬ್ಬಿಯನ್ನು ಒಂದೊಂದೇ ಸುತ್ತು ತಿರುಗಿಸಿ ಬಿಗಿ ಮಾಡಿ. ಕ್ಯಾರೇಜ್ ಎಡ ತುದಿಯವರೆಗೂ ಹೋಗುವಷ್ಟು ಎಳೆತ ಸಿಕ್ಕ ಕೂಡಲೇ ನಿಲ್ಲಿಸಿ. ಕೈ ಜಾರಿದರೆ ಡಬ್ಬಿ ಗಿರ್ರನೆ ತಿರುಗಿ ಒಳಗಿನ ಸ್ಪ್ರಿಂಗ್ ಕಳಚಿಕೊಳ್ಳಬಹುದು, ಬೆರಳಿಗೂ ಪೆಟ್ಟಾಗಬಹುದು. ಸಾಲಿನ ಕೊನೆಯಲ್ಲಿ ಮಾತ್ರ ತಡವರಿಸುವ ಯಂತ್ರಕ್ಕೆ ಬೇಕಾಗಿರುವುದೂ ಒಮ್ಮೊಮ್ಮೆ ಇಂಥ ಒಂದೇ ಒಂದು ಹೆಚ್ಚುವರಿ ಸುತ್ತು.

ಪ್ರಶ್ನೆ: ಪೂರ್ಣವಿರಾಮ ಕಾಗದವನ್ನೇ ತೂತು ಮಾಡುತ್ತದೆ.

ಉತ್ತರ: ರೋಲರಿನ ರಬ್ಬರ್ ವಯಸ್ಸಾಗಿ ಕಲ್ಲಾಗಿದೆ. ಹೊಸ ರಬ್ಬರ್ ಹೊದಿಸುವವರೆಗೆ ಹಾಳೆಯ ಹಿಂದೆ ಇನ್ನೊಂದು ಹಾಳೆ ಸೇರಿಸಿ ಹಾಕಿ, ಸದ್ದೂ ತಗ್ಗುತ್ತದೆ.

ಪ್ರಶ್ನೆ: ನನ್ನ ಯಂತ್ರಕ್ಕೆ ಕ್ಯಾರೇಜ್ ಬೀಗವಿಲ್ಲ. ಒಯ್ಯುವುದು ಹೇಗೆ?

ಉತ್ತರ: ಕ್ಯಾರೇಜನ್ನು ನಡುವಿಗೆ ತಂದು, ಎಡ-ಬಲದ ಮಾರ್ಜಿನ್ ತಡೆಗಳನ್ನೂ ಅಲ್ಲಿಗೇ ಸರಿಸಿ. ಎರಡರ ನಡುವೆ ಸಿಕ್ಕಿ ಅದು ಅಲುಗುವುದಿಲ್ಲ. ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ಲಿನ ಎರಡು ಪೊಟ್ಟಣ ಇಡಿ. ಬಹುದಿನ ಬಳಸದೆ ಇಡುವುದಾದರೆ ಕಾಗದ ಸಡಿಲಿಸುವ ಸನ್ನೆಯನ್ನು ತೆರೆದ ಸ್ಥಿತಿಯಲ್ಲೇ ಬಿಡಿ. ಮುಚ್ಚಿಟ್ಟರೆ ಅಡಿಯ ಸಣ್ಣ ರೋಲರುಗಳು ಒಂದೇ ಕಡೆ ಒತ್ತಿಕೊಂಡು ಚಪ್ಪಟೆಯಾಗಿ, ಆಮೇಲೆ ಹಾಳೆ ಸೊಟ್ಟಗೆ ಏರತೊಡಗುತ್ತದೆ.