ವರ್ಕ್‌ಶಾಪ್ ಪ್ರಶ್ನೋತ್ತರ: ಎಂ3 ಟ್ಯಾಪ್ ಯಾಕೆ ಮುರಿಯುತ್ತದೆ?

ಪ್ರಶ್ನೆ: 6 ಮಿ.ಮೀ. ದಪ್ಪದ ಎಸ್‌ಎಸ್ 304 (ಸ್ಟೇನ್‌ಲೆಸ್ ಸ್ಟೀಲ್) ಪಟ್ಟಿಗೆ ಎಂ3 (3 ಮಿ.ಮೀ. ಸ್ಕ್ರೂ) ಥ್ರೆಡ್ ಹಾಕಬೇಕ್ರಿ. 2.5 ಬಿಟ್‌ನಿಂದಲೇ ತೂತು ಹೊಡೀತೀವಿ, ಆದ್ರೂ ಥ್ರೆಡ್ ಕೊರೆಯೋ ಟ್ಯಾಪ್ ಒಳಗೇ ಮುರೀತದ. ಟ್ಯಾಪೇ ಖರಾಬ್ ಏನ್ರಿ?
– ಕೊಳಾರ ಕೈಗಾರಿಕಾ ಪ್ರದೇಶ, ಬೀದರ್

ಉತ್ತರ: ಟ್ಯಾಪ್‌ಗಿಂತ ಮೊದಲು ತೂತನ್ನು ನೋಡಿ. ಸ್ಕ್ರೂ ಅಳತೆಯಲ್ಲಿ ಪಿಚ್ (ಥ್ರೆಡ್ಡಿನ ಒಂದು ಸುರುಳಿಯಿಂದ ಮುಂದಿನ ಸುರುಳಿಗಿರುವ ಅಂತರ) ಕಳೆದರೆ ಬಿಟ್ಟಿನ ಅಳತೆ ಸಿಗುತ್ತದೆ: ಎಂ3ಕ್ಕೆ 3 – 0.5 = 2.5, ಎಂ4ಕ್ಕೆ 3.3, ಎಂ5ಕ್ಕೆ 4.2. ಸಾದಾ ಕಬ್ಬಿಣಕ್ಕೆ ಈ ಲೆಕ್ಕ ಸಾಕು. ಸ್ಟೇನ್‌ಲೆಸ್‌ಗೆ 2.6 ಹಾಕಿ, ಥ್ರೆಡ್ಡಿನ ಬಲ ಹೆಚ್ಚೇನೂ ಕುಗ್ಗುವುದಿಲ್ಲ, ಟ್ಯಾಪಿನ ಮೇಲಿನ ಭಾರ ಮಾತ್ರ ಚೆನ್ನಾಗಿ ಇಳಿಯುತ್ತದೆ.

ಇನ್ನೊಂದು ಕಾರಣ ಮೊಂಡು ಬಿಟ್. 304 ಕೊರೆಯದೆ ಉಜ್ಜಿಸಿಕೊಂಡರೆ ತೂತಿನ ಒಳಮೈ ಗಡುಸಾಗುತ್ತದೆ, ಟ್ಯಾಪ್ ಹೋಗಿ ಸಿಕ್ಕಿಬೀಳುವುದು ಅದೇ ಗಡುಸಿನಲ್ಲಿ. ನಿಮಿಷಕ್ಕೆ 1200ರಿಂದ 1500 ಸುತ್ತು, ಕಟಿಂಗ್ ಆಯಿಲ್, ಬಿಡದ ಒತ್ತಡ. ನಡುವೆ ಬಿಟ್ಟನ್ನು ಬರಿದೇ ತಿರುಗಲು ಬಿಡಬೇಡಿ.

6 ಮಿ.ಮೀ. ಪೂರ್ತಿ ಥ್ರೆಡ್ ಬೇಕಾಗಿಯೂ ಇಲ್ಲ. ಸ್ಕ್ರೂ ಅಳತೆಯ ಒಂದೂವರೆ ಪಟ್ಟು, ಅಂದರೆ 4.5 ಸಾಕು. ಹಿಂಬದಿಯಿಂದ 3.2 ಬಿಟ್‌ನಲ್ಲಿ 1.5 ಮಿ.ಮೀ. ಆಳ ಅಗಲಿಸಿಬಿಡಿ. ಟ್ಯಾಪನ್ನು ಡ್ರಿಲ್ ಮಷಿನ್ನಿನ ಚಕ್‌ಗೆ ಹಿಡಿಸಿ, ಕರೆಂಟ್ ತೆಗೆದು, ಮೊದಲ ಎರಡು-ಮೂರು ಸುತ್ತು ಕೈಯಿಂದ ತಿರುಗಿಸಿದರೆ ನೆಟ್ಟಗೆ ಇಳಿಯುತ್ತದೆ. ಆಮೇಲೆ ಸಣ್ಣ ಹ್ಯಾಂಡಲ್ ಹಾಕಿ. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಎಂ8ರ ಹ್ಯಾಂಡಲ್‌ನಲ್ಲಿ ಎಂ3 ತಿರುಗಿಸುವವರಿಗೆ ಯಾವ ಕಂಪನಿಯ ಟ್ಯಾಪೂ ಬಾಳುವುದಿಲ್ಲ.

ಪ್ರಶ್ನೆ: ದಾಲ್‌ಮಿಲ್ಲಿನ ಬೀಡಿನ (ಎರಕದ ಕಬ್ಬಿಣದ) ಪುಲ್ಲಿಯಲ್ಲಿ ಎಂ6 ಗ್ರಬ್ ಸ್ಕ್ರೂ (ಪುಲ್ಲಿಯನ್ನು ಶಾಫ್ಟಿಗೆ ಬಿಗಿಯುವ ತಲೆಯಿಲ್ಲದ ಸ್ಕ್ರೂ) ಥ್ರೆಡ್ ಹೋಗಿದೆ. ವೆಲ್ಡಿಂಗ್ ಮಾಡಿಸಬೇಕೇ?
– ಕಪನೂರ, ಕಲಬುರಗಿ

ಉತ್ತರ: ಬೇಡ, ಬೀಡು ವೆಲ್ಡಿಂಗ್ ಕಾವಿಗೆ ಬಿರುಕು ಬಿಡುತ್ತದೆ. ಪುಲ್ಲಿಯನ್ನು ಶಾಫ್ಟಿನಿಂದ ಕಳಚಿ, ಅದೇ ತೂತನ್ನು 6.8ಕ್ಕೆ ಹಿಗ್ಗಿಸಿ ಎಂ8 ಹಾಕಿ. ಎಣ್ಣೆ ಬೇಡ; ಬೀಡಿನ ಪುಡಿ ಎಣ್ಣೆಗೆ ಸೇರಿದರೆ ಕೆಸರಾಗುತ್ತದೆ. ಸುತ್ತಲಿನ ಗೋಡೆ ತೆಳುವಾಗಿದ್ದರೆ ಹಳೆಯದನ್ನು ಬಿಟ್ಟು 90 ಡಿಗ್ರಿ ಆಚೆ ಹೊಸ ಎಂ6 ತೂತು ಮಾಡಿ.

ಪ್ರಶ್ನೆ: ಬಿದ್ರಿ ದೀಪದ ಬುಡಕ್ಕೆ ಎಂ4 ಥ್ರೆಡ್ ಯಾವ ಹಂತದಲ್ಲಿ ಹಾಕಬೇಕು? ಟ್ಯಾಪ್ ಮುರಿದರೆ ಪಟಿಕದ ನೀರಲ್ಲಿ ಕರಗಿಸಬಹುದೇ?
– ಬೀದರ್

ಉತ್ತರ: ಎರಕವನ್ನು ಅರ ಹಾಕಿ ನುಣುಪು ಮಾಡಿದ ಮೇಲೆ, ಕೆತ್ತನೆಗೆ ಮುಂಚೆ. ಬೆಳ್ಳಿ ಕೂರಿಸಿದ ಮೇಲೆ ವೈಸ್‌ಗೆ ಹಿಡಿಸಿದರೆ ಗುರುತು ಬೀಳುತ್ತದೆ. ಬಿಟ್ 3.3. ಬಿದ್ರಿ ಲೋಹದಲ್ಲಿ ಸತುವೇ ಹೆಚ್ಚು, ಕಬ್ಬಿಣಕ್ಕಿಂತ ಮೆತ್ತಗೆ. ಹಾಗಾಗಿ ಥ್ರೆಡ್ 8 ಮಿ.ಮೀ. ಆಳ ಇರಲಿ. ಆರಪಾರ ಹೋಗದ ತೂತಾದರೆ ಇನ್ನೂ 3 ಮಿ.ಮೀ. ಹೆಚ್ಚು ಕೊರೆಯಿರಿ, ಚೂರು ಕೂರಲು ಜಾಗ ಬೇಕು. ಸೀಮೆಎಣ್ಣೆ ಹಚ್ಚಿ, ಟ್ಯಾಪನ್ನು ಆಗಾಗ ಹೊರತೆಗೆದು ಬ್ರಷ್‌ನಿಂದ ಒರೆಸಿ. ಕಪ್ಪು ಬರಿಸಲು ಕೋಟೆ ಮಣ್ಣು, ನವಸಾಗರ ಹಚ್ಚುವ ಮುನ್ನ ಸೋಪಿನ ನೀರಲ್ಲಿ ತೊಳೆಯಿರಿ. ಎಣ್ಣೆ ಉಳಿದ ಕಡೆ ಕಪ್ಪು ಹಿಡಿಯುವುದಿಲ್ಲ.

ಪಟಿಕದ ಬಿಸಿನೀರು ಅಲ್ಯೂಮಿನಿಯಂ, ಹಿತ್ತಾಳೆ ಬಿಡಿಭಾಗಗಳಿಗೆ ಸರಿ, ನಿಧಾನಕ್ಕೆ ಉಕ್ಕನ್ನಷ್ಟೇ ತಿನ್ನುತ್ತದೆ. ಸತುವನ್ನು ಅದು ಬಿಡುವುದಿಲ್ಲ. ಟ್ಯಾಪಿಗಿಂತ ಮೊದಲು ದೀಪವೇ ಹಾಳಾಗುತ್ತದೆ. ಮುರಿದ ತುದಿ ಮೇಲೆ ಕಾಣುತ್ತಿದ್ದರೆ ಮೊನಚು ಇಕ್ಕಳದಿಂದ ಎಡಕ್ಕೆ ಮೆಲ್ಲಗೆ ತಿರುಗಿಸಿ.