ಇಂಗ್ಲಿಷ್ ಬೇಗ ಓದೋಕೆ ಯಾವ ಡಿಕ್ಷನರಿ ಒಳ್ಳೆಯದು?

ದಿನಾ ಒಂದು ಇಂಗ್ಲಿಷ್ ಎಡಿಟೋರಿಯಲ್ ಓದುತ್ತೀರಿ, ಗೊತ್ತಿಲ್ಲದ ಪದಕ್ಕೆಲ್ಲ ನೋಟ್‌ಬುಕ್ಕಿನಲ್ಲಿ ಕನ್ನಡ ಅರ್ಥ ಬರೆಯುತ್ತೀರಿ, ಆದರೂ ಬ್ಯಾಂಕ್ ಪರೀಕ್ಷೆಯಲ್ಲಿ ಪ್ಯಾಸೇಜ್ ಮುಗಿಯುತ್ತಿಲ್ಲ. ಡಿಕ್ಷನರಿ ಬದಲಿಸಿದರೆ ಸರಿಹೋಗುತ್ತದಾ ಅಂತ ಕೇಳಿದ್ದೀರಿ. ಹೋಗುವುದಿಲ್ಲ. ಯಾವ ಡಿಕ್ಷನರಿ ತಂದರೂ ಹೋಗುವುದಿಲ್ಲ. ಅಂಥದ್ದೇ ನೋಟ್‌ಬುಕ್ ನನ್ನ ಹತ್ತಿರವೂ ಇತ್ತು.

ನಾನು ಕೊಡಗಿನ ಭಾಗಮಂಡಲ ಕಡೆಯವನು. ಮನೆಯಲ್ಲಿ ಅರೆಭಾಷೆ, ಶಾಲೆಯಲ್ಲಿ ಕನ್ನಡ. ಇಂಗ್ಲಿಷ್ ಅಂದರೆ ಪಾಸಾಗೋಕೆ ಬಾಯಿಪಾಠ ಮಾಡುವ ವಿಷಯ, ಅಷ್ಟೇ. ಡಿಗ್ರಿ ಮುಗಿಸಿ ಮೈಸೂರಿನಲ್ಲಿ ಕೋಚಿಂಗ್‌ಗೆ ಸೇರಿದೆ. ಎಡಿಟೋರಿಯಲ್ ಓದಿ, ಪದ ಬರೆಯಿರಿ ಅಂತ ಅಲ್ಲಿ ಹೇಳಿದರು. ನಾನು ಅದನ್ನು ವ್ರತ ಹಿಡಿದವನ ಹಾಗೆ ಮಾಡಿದೆ.

ನಾನು ಎಡವಿದ್ದು ಎಲ್ಲಿ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವೂ ಅಲ್ಲೇ ಇದ್ದೀರಿ. ಗೊತ್ತಿಲ್ಲದ ಪದ ಸಿಕ್ಕ ಕೂಡಲೇ ನಾನು ನಿಲ್ಲುತ್ತಿದ್ದೆ. ಡಿಕ್ಷನರಿ ತೆಗೆಯುವುದು, ನಾಲ್ಕೈದು ಅರ್ಥದಲ್ಲಿ ಒಂದನ್ನು ಆರಿಸುವುದು, ಪೆನ್ಸಿಲ್‌ನಲ್ಲಿ ಪದದ ತಲೆ ಮೇಲೆ ಬರೆಯುವುದು, ಆಮೇಲೆ ನೋಟ್‌ಬುಕ್ಕಿಗೆ ಇಳಿಸುವುದು. ವಾಪಸ್ ಬರುವಷ್ಟರಲ್ಲಿ ವಾಕ್ಯದ ಮೊದಲರ್ಧ ತಲೆಯಿಂದ ಹೋಗಿರುತ್ತಿತ್ತು. ಮತ್ತೆ ಮೊದಲಿಂದ. ಮತ್ತೆ ಇನ್ನೊಂದು ಪದ. ಒಂದು ಎಡಿಟೋರಿಯಲ್‌ಗೆ ಇಡೀ ಬೆಳಗ್ಗೆ ಬೇಕಾಗುತ್ತಿತ್ತು. ಮುಗಿಸಿದ ಮೇಲೆ ಲೇಖನ ಏನು ಹೇಳಿತು ಅಂತ ಯಾರಾದರೂ ಕೇಳಿದ್ದರೆ ಬಾಯಿ ಬಿಡಲು ಆಗುತ್ತಿರಲಿಲ್ಲ. ಇನ್ನೂ ಕೆಟ್ಟದ್ದೇನೆಂದರೆ, ಆಮೇಲೆ ಕಣ್ಣು ಇಂಗ್ಲಿಷ್ ಮೇಲೆ ನಿಲ್ಲುವುದನ್ನೇ ಬಿಟ್ಟಿತು. ನೇರವಾಗಿ ಪೆನ್ಸಿಲ್‌ನ ಕನ್ನಡಕ್ಕೆ ಹಾರುತ್ತಿತ್ತು. ನಾನು ಓದುತ್ತಿದ್ದದ್ದು ತುಂಡು ತುಂಡು ಕನ್ನಡವನ್ನು. ನೋಟ್‌ಬುಕ್ ದಪ್ಪವಾಗುತ್ತಿತ್ತು, ಅದನ್ನು ನೋಡಿ ನನಗೆ ಖುಷಿ. ಓದು ಮಾತ್ರ ಇದ್ದಲ್ಲೇ ಇತ್ತು.

ಬ್ಯಾಂಕ್ ನೇಮಕಾತಿಯ ಐಬಿಪಿಎಸ್ ಪರೀಕ್ಷೆಯ ಮೊದಲ ಹಂತ, ಅಂದರೆ ಪ್ರಿಲಿಮ್ಸ್‌ನಲ್ಲಿ, ಇಂಗ್ಲಿಷ್‌ಗೆ 30 ಪ್ರಶ್ನೆ, 20 ನಿಮಿಷ. ನಿಮಗೆ ಗೊತ್ತೇ ಇದೆ. ಸ್ಕ್ರೀನ್ ಮೇಲೆ ಪೆನ್ಸಿಲ್ ಇಲ್ಲ, ಪಕ್ಕದಲ್ಲಿ ಡಿಕ್ಷನರಿ ಇಲ್ಲ. ಮೂರನೇ ಸಾಲಿನಲ್ಲಿ ಒಂದು ಪದ ಗೊತ್ತಾಗಲಿಲ್ಲ, ಅಭ್ಯಾಸಬಲ, ಅಲ್ಲೇ ನಿಂತೆ. ಉಳಿದ ಸೆಕ್ಷನ್ ಚೆನ್ನಾಗಿಯೇ ಆಗಿದ್ದವು. ಇಂಗ್ಲಿಷ್ ಕಟ್‌ಆಫ್ ದಾಟಲಿಲ್ಲ. ಮುಂದಿನ ಸಲವೂ ಅದೇ ಕಥೆ. ಬ್ಯಾಂಕ್ ಆಸೆ ಬಿಟ್ಟು ಸುಂಟಿಕೊಪ್ಪದ ಹತ್ತಿರ ಒಂದು ಕಾಫಿ ಎಸ್ಟೇಟ್‌ನಲ್ಲಿ ರೈಟರ್, ಅಂದರೆ ಹಾಜರಿ-ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದೆ.

ಓದು ಬಂದದ್ದು ಅಲ್ಲಿ. ಯಾರೂ ಕಲಿಸಲಿಲ್ಲ. ಮಳೆಗಾಲದಲ್ಲಿ ಕರೆಂಟ್ ಇರುವುದಿಲ್ಲ, ಹಾಜರಿ ಪುಸ್ತಕ ಬರೆದಾದ ಮೇಲೆ ಆಫೀಸಿನಲ್ಲಿ ಸುಮ್ನೆ ಕೂರಬೇಕು. ಕಪಾಟಿನಲ್ಲಿ ಕಾಫಿ ಬೋರ್ಡಿನ 'ಇಂಡಿಯನ್ ಕಾಫಿ' ಪತ್ರಿಕೆಯ ಹಳೇ ಸಂಚಿಕೆಗಳಿದ್ದವು. ಒಂದನ್ನು ತೆಗೆದೆ. ಬಿಳಿ ಕಾಂಡಕೊರಕದ ಬಗ್ಗೆ ಲೇಖನ. ಅದರಲ್ಲಿ 'ರಿಡ್ಜಸ್' ಅಂತ ಒಂದು ಪದ, ಮೊದಲು ಕಂಡಿರಲಿಲ್ಲ. ಆದರೆ ಅರೇಬಿಕಾ ಗಿಡಕ್ಕೆ ಆ ಹುಳ ಹೊಕ್ಕರೆ ಎಲೆ ಹಳದಿಯಾಗುತ್ತದೆ, ಕಾಂಡ ಸುತ್ತ ಗೆರೆ ಗೆರೆಯಾಗಿ ಉಬ್ಬುತ್ತದೆ. ಹಿಂದಿನ ವಾರವಷ್ಟೇ ಆಳುಗಳ ಜೊತೆ ಅಂಥ ಗಿಡ ಹುಡುಕಿ ಕಿತ್ತು ಸುಡಿಸಿದ್ದೆ. ಉಬ್ಬು ಕೈಗೆ ಹೇಗೆ ತಾಗುತ್ತದೆ ಅಂತ ಗೊತ್ತಿತ್ತು. ನಿಲ್ಲದೆ ಮುಂದಕ್ಕೆ ಹೋದೆ. ಲೇಖನ ಮುಗಿದೇ ಹೋಯಿತು! ಆಮೇಲೆ ಬೋರ್ಡೋ ದ್ರಾವಣ, ಹೂಮಳೆ, ಕಾಯಿಕೊರಕ, ಸಿಕ್ಕಿದ್ದೆಲ್ಲ ಓದಿದೆ.

ಓದು ಬರಲು ಎರಡನೇ ಕಾರಣ ಹಾಕಿ ಆಟ. 1997ರಲ್ಲಿ ಕರಡ ಅನ್ನುವ ಊರಿನಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬ ನಮ್ಮಲ್ಲಿ ಎಲ್ಲರಿಗೂ ಹುಚ್ಚು, ಯಾವ ಜಾತಿಯವರಾದರೂ ಸರಿ. ಸಂಜೆ ಮೈದಾನದಲ್ಲಿ ಮ್ಯಾಚ್ ನೋಡಿ, ಮಾರನೇ ದಿನ ಇಂಗ್ಲಿಷ್ ಪೇಪರ್‌ನಲ್ಲಿ ಅದೇ ಮ್ಯಾಚಿನ ವರದಿ ಓದುವುದು. ಗೋಲು ಹೊಡೆದವರು ಯಾರು, ಪೆನಾಲ್ಟಿ ಕಾರ್ನರ್ ಹೇಗೆ ತಪ್ಪಿತು, ಎಲ್ಲ ಕಣ್ಣಾರೆ ಕಂಡದ್ದು. ವರದಿಗಾರ ಯಾವ ಪದ ಹಾಕಿದರೂ ಅರ್ಥವಾಗಲೇಬೇಕು, ಅಲ್ವಾ? ಕೆಲವು ಸಲ ಅವನು ತಪ್ಪು ಬರೆದದ್ದೂ ಗೊತ್ತಾಗುತ್ತಿತ್ತು. ಅದರ ಮಜಾನೇ ಬೇರೆ.

ಆದ್ದರಿಂದ ನನ್ನ ಮಾತು ಇಷ್ಟು: ವಿಷಯ ಮೊದಲೇ ಗೊತ್ತಿರುವುದನ್ನು ಇಂಗ್ಲಿಷ್‌ನಲ್ಲಿ ಓದಿ. ಎಡಿಟೋರಿಯಲ್ ಸದ್ಯಕ್ಕೆ ಬಿಡಿ. ಅಲ್ಲಿ ವಿಷಯವೂ ಹೊಸದು, ಭಾಷೆಯೂ ಹೊಸದು. ಎರಡು ಕಷ್ಟ ಒಟ್ಟಿಗೆ ಯಾಕೆ ಹೊರಬೇಕು? ಸುಲಭದ್ದು ಓದಿದರೆ ಕಾಲಹರಣ ಅಂತ ಹೇಳುವವರ ಮಾತು ಕೇಳಬೇಡಿ. ಪದಗಳ ಕಲಿಕೆ ಬಗ್ಗೆ ತುಂಬಾ ಕೆಲಸ ಮಾಡಿದ ನ್ಯೂಜಿಲೆಂಡಿನ ಪಾಲ್ ನೇಶನ್ ಅವರ ಲೆಕ್ಕದಲ್ಲಿ, ಯಾರ ಸಹಾಯವೂ ಇಲ್ಲದೆ ಆರಾಮಾಗಿ ಓದಬೇಕಾದರೆ 100ರಲ್ಲಿ ಸುಮಾರು 98 ಪದ ಗೊತ್ತಿರಬೇಕು. 300 ಪದದ ಒಂದು ಪುಟದಲ್ಲಿ ಗೊತ್ತಿಲ್ಲದ್ದು ಆರೇ ಆರು. ನಿಮ್ಮ ಎಡಿಟೋರಿಯಲ್‌ನಲ್ಲಿ ಎಷ್ಟಕ್ಕೆ ಗೆರೆ ಎಳೆದಿದ್ದೀರಿ, ಎಣಿಸಿ ನೋಡಿ.

ಇದು ಇವತ್ತಿನ ಮಾತೂ ಅಲ್ಲ. ಬ್ರಿಟಿಷರ ಕಾಲದಲ್ಲಿ ಬಂಗಾಳದಲ್ಲಿ ಶಿಕ್ಷಣ ಇಲಾಖೆಯಲ್ಲಿದ್ದ ಮೈಕೆಲ್ ವೆಸ್ಟ್, ನಮ್ಮಂಥ ಮಕ್ಕಳಿಗಾಗಿಯೇ ಕಡಿಮೆ ಪದಗಳಲ್ಲಿ ಪಾಠದ ಪುಸ್ತಕ ಮಾಡಿದವರು. 1953ರಲ್ಲಿ ಅವರು ತಂದ, ಹೆಚ್ಚು ಬಳಕೆಯ ಪದಗಳ ಪಟ್ಟಿಯಲ್ಲಿ ಇರುವುದು ಸುಮಾರು 2000. ಆ ಪದಗಳು ಕಣ್ಣಿಗೆ ಬಿದ್ದ ತಕ್ಷಣ ಹೊಳೆಯಬೇಕು. ಪಟ್ಟಿ ಬಾಯಿಪಾಠ ಮಾಡಿದರೆ ಹೊಳೆಯುವುದಿಲ್ಲ, ಬೇರೆ ಬೇರೆ ವಾಕ್ಯದಲ್ಲಿ ಮತ್ತೆ ಮತ್ತೆ ಕಂಡರೆ ಹೊಳೆಯುತ್ತವೆ.

ಪತ್ರಿಕೆಯೂ ಕಷ್ಟ ಅನಿಸಿದರೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ನೋಡಿ, ಪುಕ್ಕಟೆ. ಕಥೆಗಳು ಲೆವೆಲ್ ಪ್ರಕಾರ ಇವೆ. ಎಷ್ಟೋ ಕಥೆ ಕನ್ನಡದಲ್ಲೂ ಇವೆ, ಇಂಗ್ಲಿಷ್‌ನಲ್ಲೂ ಇವೆ. ಮೊದಲು ಕನ್ನಡದಲ್ಲಿ ಓದಿ, ಆಮೇಲೆ ಇಂಗ್ಲಿಷ್‌ನಲ್ಲಿ. ಮಕ್ಕಳ ಪುಸ್ತಕ ಅಂತ ನಾಚಿಕೆಯಾದರೆ ಯಾರಿಗೂ ಹೇಳಬೇಡಿ, ಮೊಬೈಲ್‌ನಲ್ಲಿ ಓದಿದರೆ ಯಾರಿಗೆ ಗೊತ್ತಾಗುತ್ತದೆ?

ಡಿಕ್ಷನರಿ ಬೇಡವೇ ಬೇಡ ಅನ್ನುತ್ತಿಲ್ಲ. ಓದಿ ಮುಗಿಸಿದ ಮೇಲೆ ನೋಡಿ. ಒಂದೇ ಪದ ನಾಲ್ಕೈದು ಕಡೆ ಅಡ್ಡ ಬಂದಿದ್ದರೆ ಮಾತ್ರ. ಫೋನಿನಲ್ಲಿರುವುದೇ ಸಾಕು, ಹೊಸದಕ್ಕೆ ದುಡ್ಡು ಹಾಕಬೇಡಿ.

ಪರೀಕ್ಷೆ ಮುಂದಿನ ತಿಂಗಳೇ ಇದ್ದರೆ ಇದರಿಂದ ಪವಾಡ ಆಗುವುದಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಈ ಸಲ ಗ್ರಾಮರ್ ಪ್ರಶ್ನೆ ಮೊದಲು ಮುಗಿಸಿಕೊಂಡು ಪ್ಯಾಸೇಜ್‌ಗೆ ಬನ್ನಿ. ಅಂದಹಾಗೆ, ನೀವು ಯಾವ ಊರು, ಮನೆಯಲ್ಲಿ ಏನು ಕೆಲಸ, ಯಾವ ಆಟದ ಹುಚ್ಚು, ಯಾವುದನ್ನೂ ಬರೆದಿಲ್ಲ. ಬರೆಯಿರಿ, ಯಾವುದರಿಂದ ಶುರು ಮಾಡಬಹುದು ಅಂತ ನೋಡೋಣ.